ಎರಡು ನಿಮಿಷ ಎಡಕ್ಕೆ

ಗುಬ್ಬಿ ಬಿಟ್ಟು ತುಮಕೂರಿನ ಕಡೆ ಬಿ.ಎಚ್. ರಸ್ತೆ ಹಿಡಿದಿದ್ದೇನೆ. ಭಾನುವಾರದ ಬೆಳಗ್ಗೆ, ಲಾರಿ ಕಡಿಮೆ. ಬಿಸಿಲು ಇನ್ನೂ ತೆಂಗಿನ ಗರಿಗಳ ಮೇಲೇ ಇದೆ, ಕೆಳಗಿಳಿದಿಲ್ಲ. ರಸ್ತೆ ನೇರವಾಗಿದೆ, ಗಾಡಿಯೂ ನೇರವಾಗಿ ಓಡುತ್ತಿದೆ, ಸ್ಟೇರಿಂಗ್ ಮಾತ್ರ ಸೊಟ್ಟ. ನಡುವಿನ ಲಾಂಛನ ಎಡಕ್ಕೆ ತಲೆ ವಾಲಿಸಿಕೊಂಡು ಕೂತಿದೆ. ಅದನ್ನು ಸರಿಮಾಡಲು ಹೋದರೆ ಗಾಡಿ ಬಲಕ್ಕೆ, ಡಿವೈಡರ್ ಕಡೆಗೆ ಸರಿಯುತ್ತದೆ. ಸುಮ್ಮನೆ ಬಿಟ್ಟರೆ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.

ನಮ್ಮ ರಸ್ತೆಗಳು ಮಳೆನೀರು ಹರಿದುಹೋಗಲೆಂದು ಅಂಚಿಗೆ ಸ್ವಲ್ಪ ಇಳಿಜಾರಾಗಿರುತ್ತವೆ. ಎಡಬದಿಯಲ್ಲಿ ಓಡುವ ಗಾಡಿ ಎಡಕ್ಕೆ ಜಾರಲು ನೋಡುತ್ತದೆ, ಕೈ ತಾನಾಗಿ ಕೂದಲೆಳೆಯಷ್ಟು ಬಲಕ್ಕೆ ಹಿಡಿದಿರುತ್ತದೆ. ಹಾಗಾಗಿ ಸ್ಟೇರಿಂಗ್ ಒಂಚೂರು ಬಲಕ್ಕೆ ವಾಲಿದ್ದರೆ ಗಾಬರಿ ಬೇಡ. ನನ್ನದು ಎಡಕ್ಕೆ ವಾಲಿದೆ, ಅದೂ ಮಟ್ಟಸವಾದ ಜಾಗದಲ್ಲೂ. ಇದು ರಸ್ತೆಯ ತಪ್ಪಲ್ಲ.

ಮಲ್ಲಸಂದ್ರದ ಹತ್ತಿರ ಬದಿಯಿಂದ ಒಂದು ಸ್ಕೂಟರ್ ತಟ್ಟನೆ ನುಗ್ಗುತ್ತದೆ. ಸ್ಟೇರಿಂಗ್ ತಿರುಗಿಸುತ್ತ ಹಾರನ್ ಒತ್ತುತ್ತೇನೆ. ಸದ್ದೇ ಇಲ್ಲ. ಬ್ರೇಕ್ ತುಳಿದು ಬಚಾವಾದೆ. ಗಾಡಿ ನೇರಕ್ಕೆ ಬಂದ ಮೇಲೆ ಮತ್ತೆ ಒತ್ತಿದರೆ ಹಾರನ್ ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ನೇರ ಹೋಗುವಾಗ ಬಾಯಿ ಬಿಟ್ಟು ತಿರುವಿನಲ್ಲಿ ಬಾಯಿ ಮುಚ್ಚುವ ಹಾರನ್ನಿಂದ ಏನು ಪ್ರಯೋಜನ? ಹಾರನ್ ಬೇಕಾಗುವುದೇ ತಿರುವಿನಲ್ಲಿ.

ಗಾಡಿ 2008ರ ಮಾರುತಿ 800. 1983ರ ಡಿಸೆಂಬರಿನಲ್ಲಿ ಮೊದಲ ಕಾರು ಹೊರಬಂದು, 2014ರ ಜನವರಿಯಲ್ಲಿ ತಯಾರಿಕೆ ನಿಂತ ಆ ಪುಟ್ಟ ಗಾಡಿ ನಮ್ಮ ಜಿಲ್ಲೆಯ ತೋಟದ ಮನೆಗಳ ಮುಂದೆ ಇವತ್ತಿಗೂ ನಿಂತಿರುತ್ತದೆ. ಹದಿನೈದು ವರ್ಷ ತುಂಬಿದ ಮೇಲೆ ರಿಜಿಸ್ಟ್ರೇಷನ್ ನವೀಕರಿಸಿಕೊಂಡು ಓಡಿಸುತ್ತಿದ್ದೇನೆ. ಕೆಲವು ವಾರಗಳ ಹಿಂದೆ ಇಂಡಿಕೇಟರ್ ಕಡ್ಡಿ ಮುರಿದಿತ್ತು. ಒಂದು ಗ್ಯಾರೇಜಿನಲ್ಲಿ ಹೊಸ ಸ್ವಿಚ್ ಹಾಕಿಸಿದೆ. ಆ ಸ್ವಿಚ್ ಬದಲಾಯಿಸಲು ಸ್ಟೇರಿಂಗ್ ಬಿಚ್ಚಲೇಬೇಕು. ಸೊಟ್ಟ ಶುರುವಾದದ್ದು ಅವತ್ತಿನಿಂದ. ಕೇಳಿದ್ದಕ್ಕೆ, ‘ವೀಲ್ ಅಲೈನ್‌ಮೆಂಟ್ ಮಾಡಿಸಿ ಸಾರ್, ಸರಿಹೋಗುತ್ತೆ’ ಅಂದರು. ಸರಿ ಏನೋ ಹೋಗುತ್ತದೆ. ಆದರೆ ಮೇಲೆ ಆದ ತಪ್ಪನ್ನು ಮುಚ್ಚಲು ಕೆಳಗೆ ಸರಿಯಿದ್ದದ್ದನ್ನು ತಿರುಚಬೇಕಾಗುತ್ತದೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಅದಕ್ಕೇ ತುಮಕೂರಿಗೆ, ಸೋದರಮಾವನ ಮನೆಗೆ ಹೊರಟಿದ್ದೇನೆ.

ಮಾವ ಗೇಟು ತೆಗೆದೇ ನಿಂತಿದ್ದಾರೆ. ಎಚ್‌ಎಂಟಿ ವಾಚ್ ಕಾರ್ಖಾನೆಯ ಅಸೆಂಬ್ಲಿಯಲ್ಲಿ ದುಡಿದವರು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಮಾಡಿತು, ತುಮಕೂರಿನ ಕಾರ್ಖಾನೆಯ ಜಾಗ ಆಮೇಲೆ ಇಸ್ರೋಗೆ ಹೋಯಿತು. ಮಾವನ ಕೈಗೆ ಮಾತ್ರ ಆ ಕೆಲಸದ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಮಣಿಕಟ್ಟಿನಲ್ಲಿ ಕೀ ಕೊಡುವ ಜನತಾ ವಾಚು.

ಅಂಗಳದಲ್ಲಿ ಗಾಡಿ ನಿಲ್ಲಿಸುತ್ತಿದ್ದ ಹಾಗೇ ಕಿಟಕಿಯಿಂದ ಬಗ್ಗಿ ಸ್ಟೇರಿಂಗ್ ನೋಡುತ್ತಾರೆ. ಒಂದು ಕಣ್ಣು ಮುಚ್ಚಿ, ತಲೆ ಓರೆ ಮಾಡಿ.

‘ಎರಡು ನಿಮಿಷ ಎಡಕ್ಕಿದೆ ಕಣಪ್ಪಾ.’

ಅವರಿಗೆ ಎಲ್ಲ ದುಂಡಗಿನ ವಸ್ತುವೂ ಗಡಿಯಾರದ ಮುಖದಂತೆಯೇ ಕಾಣುತ್ತದೆ. ಒಂದು ನಿಮಿಷದ ಗೆರೆಗೆ ಆರು ಡಿಗ್ರಿ. ಎರಡು ನಿಮಿಷಕ್ಕೆ ಹನ್ನೆರಡು, ಹತ್ತೋ ಹನ್ನೆರಡೋ ಅಂದುಕೊಳ್ಳಿ. ಈ ಲೆಕ್ಕ ಮುಂದೆ ಕೆಲಸಕ್ಕೆ ಬರುತ್ತದೆ.

‘ಬಿಚ್ಚೋಣ್ವಾ ಮಾವ?’

‘ತಡಿ. ರೋಗ ಎಲ್ಲಿದೆ ಅಂತ ನೋಡ್ದೆ ಯಾಕೆ ಬಿಚ್ತೀಯ?’

ಒಂದು ದಾರ ತರಿಸುತ್ತಾರೆ. ಹಿಂದಿನ ಟೈರಿನಿಂದ ಮುಂದಿನ ಟೈರಿನವರೆಗೆ, ಬಿಗಿಯಾಗಿ, ಎರಡೂ ಬದಿ. ಮುಂದಿನ ಗಾಲಿಗಳು ದಾರಕ್ಕೆ ಎರಡೂ ಕಡೆ ಒಂದೇ ಸಮ ನಿಲ್ಲುವವರೆಗೆ ನಾನು ಒಳಗೆ ಕೂತು ಸ್ಟೇರಿಂಗನ್ನು ಇಷ್ಟಿಷ್ಟೇ ಆಡಿಸುತ್ತೇನೆ. ಗಾಲಿಗಳು ನೇರವಾದವು. ಸ್ಟೇರಿಂಗಿನ ನೆತ್ತಿಗೆ ಕೆಂಪು ಟೇಪು ಅಂಟಿಸುತ್ತಾರೆ, ಅದಕ್ಕೆ ಎದುರಾಗಿ ಡ್ಯಾಶ್‌ಬೋರ್ಡಿನ ಮೇಲೆ ಇನ್ನೊಂದು ತುಂಡು. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂಭಾಗ ಜಾಕ್‌ನಲ್ಲಿ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸುತ್ತಾರೆ.

‘ಈಗ ಎಡಕ್ಕೆ ಪೂರ್ತಿ ತಿರುಗ್ಸು. ಎಷ್ಟು ಸುತ್ತು ಬಂತು ಅಂತ ಹೇಳು. ಆಮೇಲೆ ಟೇಪಿಗೆ ವಾಪಸ್ ಬಂದು ಬಲಕ್ಕೆ.’

ಎರಡೂ ಕಡೆ ಸಮ ಬಂತು. ಮಾವನ ಮುಖದಲ್ಲಿ ನಗು.

ಯಾಕೆ ಅಂತ ಹೇಳಬೇಕು, ಈ ಕೆಲಸದ ಜೀವಾಳ ಇಲ್ಲಿದೆ. ಸ್ಟೇರಿಂಗ್ ತಿರುಗಿಸಿದಾಗ ಅದರ ಕಂಬದ ಕೆಳತುದಿಯ ಹಲ್ಲುಚಕ್ರ ಒಂದು ಹಲ್ಲುಪಟ್ಟಿಯನ್ನು ಅತ್ತಿತ್ತ ಸರಿಸುತ್ತದೆ. ಅದರ ಎರಡು ತುದಿಯಿಂದ ಎರಡು ಟೈ ರಾಡ್‌ಗಳು ಗಾಲಿಗಳನ್ನು ಎಳೆದು ತಳ್ಳುತ್ತವೆ. ಟೈ ರಾಡ್‌ಗಳ ಉದ್ದ ಏರುಪೇರಾಗಿದ್ದರೆ, ಗಾಲಿ ನೇರವಿದ್ದಾಗ ಹಲ್ಲುಪಟ್ಟಿ ನಡುವಿನಲ್ಲಿರುವುದಿಲ್ಲ. ಒಂದು ಕಡೆ ಹೆಚ್ಚು ಸುತ್ತು, ಇನ್ನೊಂದು ಕಡೆ ಕಡಿಮೆ ಸುತ್ತು ಬರುತ್ತದೆ. ಆಗ ದೋಷ ಕೆಳಗಿದೆ, ಅಲೈನ್‌ಮೆಂಟ್ ಮಾಡಿಸಬೇಕಾದ್ದೇ. ಎರಡೂ ಕಡೆ ಸಮ ಬಂದು ಸ್ಟೇರಿಂಗ್ ಮಾತ್ರ ವಾಲಿದ್ದರೆ ಕೆಳಗೆ ಎಲ್ಲ ಸರಿಯಿದೆ, ಮೇಲೆ ಕೂರಿಸಿದ್ದೇ ತಪ್ಪು. ದಾರ, ಟೇಪು, ಎಣಿಕೆ, ಇಷ್ಟರಲ್ಲಿ ಗೊತ್ತಾಗುವ ಸಂಗತಿ ಇದು. ಇದನ್ನು ನೋಡದೆ ಟೈ ರಾಡ್ ತಿರುಚುವುದು ಗಾಡಿಗೆ ಮಾಡುವ ಅನ್ಯಾಯ.

ಗಾಡಿ ಕೆಳಗಿಳಿಯಿತು, ಗಾಲಿಗಳು ಮತ್ತೆ ನೇರ. ಮಾವ ಬಾನೆಟ್ ಎತ್ತಿ ಹತ್ತರ ಸ್ಪ್ಯಾನರಿನಿಂದ ಬ್ಯಾಟರಿಯ ಮೈನಸ್ ವೈರು ಬಿಚ್ಚಿ, ಬಟ್ಟೆ ಸುತ್ತಿ ಪಕ್ಕಕ್ಕೆ ಸರಿಸುತ್ತಾರೆ. ಬೀಗದ ಕೈ ಸ್ವಿಚ್ಚಿನಲ್ಲೇ ಇರಲಿ ಅನ್ನುತ್ತಾರೆ. ತೆಗೆದರೆ ಸ್ಟೇರಿಂಗ್ ಲಾಕ್ ಬೀಳುತ್ತದೆ. ನಟ್ಟು ಸಡಿಲಿಸುವ ಬಲವೆಲ್ಲ ಆ ಸಣ್ಣ ಲಾಕಿನ ಮೇಲೆ ಬಿದ್ದು ಅದು ಮುರಿಯಬಹುದು. ಸೀಟಿನ ಮೇಲೆ, ಕಾಲಿಡುವ ಜಾಗದಲ್ಲಿ ಒಗೆದ ಬಿಳಿ ಪಂಚೆ ಹಾಸುತ್ತಾರೆ. ಬಿದ್ದ ಸ್ಕ್ರೂ ಕಾಣಬೇಕಲ್ಲ. ಪಕ್ಕದಲ್ಲಿ ಡಬ್ಬಿಯ ಮುಚ್ಚಳಗಳು ಸಾಲಾಗಿ: ಮೊದಲು ಬಿಚ್ಚಿದ್ದು ಮೊದಲನೆಯದರಲ್ಲಿ, ಆಮೇಲಿನದು ಅದರ ಪಕ್ಕ. ವಾಪಸ್ ಹಾಕುವಾಗ ಕೊನೆಯ ಮುಚ್ಚಳದಿಂದ ಶುರು.

ಹಾರನ್ ಪ್ಯಾಡು ಬಂತು. ಕೆಲವು ಗಾಡಿಗಳಲ್ಲಿ ಅದನ್ನು ಹಿಂದಿನಿಂದ ಸ್ಕ್ರೂ ಹಿಡಿದಿರುತ್ತದೆ, ಕೆಲವದರಲ್ಲಿ ಕ್ಲಿಪ್ಪು. ಚಾಕು ಹಾಕಿ ಮೀಟುವ ಮೊದಲು ಟಾರ್ಚ್ ಹಿಡಿದು ಹಿಂದೆ ನೋಡಿಕೊಳ್ಳಿ. ಪ್ಯಾಡಿನ ವೈರು ಬಿಡಿಸಿ ಎತ್ತಿಟ್ಟರೆ ಗುಳಿಯೊಳಗೆ ದೊಡ್ಡ ನಟ್ಟು, ಅದರ ನಡುವಿಂದ ಇಣುಕುವ ಕಂಬದ ತುದಿ. ಸುತ್ತಲೂ ಧೂಳು ಸೇರಿ ಕರಿ ಮಡ್ಡಿಯಾದ ಹಳೆ ಗ್ರೀಸು.

ನಾನು ಸ್ಪ್ಯಾನರಿಗೆ ಕೈ ಚಾಚಿದರೆ ಮಾವ ಕೈ ಅಡ್ಡ ಹಿಡಿಯುತ್ತಾರೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಬೆಂಕಿಕಡ್ಡಿಗೆ ಸುತ್ತಿ ಕಂಬದ ತುದಿ ಒರೆಸುತ್ತಾರೆ, ನಟ್ಟಿನ ಆಚೆ ಸ್ಟೇರಿಂಗಿನ ಗುಬಟು ಒರೆಸುತ್ತಾರೆ, ಮತ್ತೆ ಒರೆಸುತ್ತಾರೆ. ಕಿಸೆಯಿಂದ ಕಣ್ಣಿಗೆ ಹಾಕುವ ಹಳೆಯ ಭೂತಗನ್ನಡಿ ತೆಗೆದು, ‘ಟಾರ್ಚು ಓರೆಯಾಗಿ ಹಿಡಿ’ ಅನ್ನುತ್ತಾರೆ.

ಓರೆ ಬೆಳಕಿನಲ್ಲಿ ಎದ್ದು ಬಂತು. ಕಂಬದ ತುದಿಯ ಮೇಲೆ ಒಂದು ಗೀರು. ಗುಬಟಿನ ಮೇಲೆ ಇನ್ನೊಂದು ಗೀರು. ಒಂದೇ ಗೆರೆಯಾಗಿ ಕೂಡಬೇಕಾದವು ಕೂಡಿಲ್ಲ. ನಡುವೆ ಒಂದು ಹಲ್ಲಿನಷ್ಟು ಅಂತರ.

‘ನೋಡು, ಯಾರೋ ಪುಣ್ಯಾತ್ಮ ಗುರುತು ಹಾಕಿಟ್ಟಿದ್ದಾನೆ. ಇವರು ನೋಡೇ ಇಲ್ಲ.’

ಕಂಬದ ಮೇಲ್ತುದಿಗೆ ಸುತ್ತಲೂ ಉದ್ದುದ್ದ ಸಣ್ಣ ಹಲ್ಲುಗಳಿರುತ್ತವೆ, ಸ್ಟೇರಿಂಗಿನ ತೂತಿನೊಳಗೆ ಅದಕ್ಕೆ ಹೊಂದುವ ಹಲ್ಲುಗಳು. ಯಾವ ಹಲ್ಲಿಗೆ ಬೇಕಾದರೂ ಕೂತುಬಿಡುತ್ತದೆ, ಬೇಡ ಅನ್ನುವುದಿಲ್ಲ. ಜಪಾನಿ ಮೂಲದ ಅನೇಕ ಕಾರುಗಳಲ್ಲಿ ಇಂಥ ಹಲ್ಲುಗಳು 36. ಸುತ್ತು 360 ಡಿಗ್ರಿ. ಒಂದು ಹಲ್ಲು ತಪ್ಪಿದರೆ ಹತ್ತು ಡಿಗ್ರಿ ಸೊಟ್ಟ. ಮಾವನ ‘ಎರಡು ನಿಮಿಷ’ ಅಂದರೆ ಹೆಚ್ಚುಕಡಿಮೆ ಇದೇ.

ಹಳೆಯ ಗುರುತು ಸಿಕ್ಕಿತಲ್ಲ, ಇನ್ನು ಬಿಚ್ಚಬಹುದು ಅಂತ ನನಗನ್ನಿಸಿತು. ಮಾವ ಒಪ್ಪಲಿಲ್ಲ. ಈಗ ಇರುವ ಸ್ಥಿತಿಗೂ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದರು, ಕಂಬದಿಂದ ಗುಬಟಿನವರೆಗೆ. ‘ನಮ್ಮ ಲೆಕ್ಕ ತಪ್ಪಾದ್ರೆ ವಾಪಸ್ ಬರೋಕೆ ದಾರಿ ಬೇಕಲ್ಲಪ್ಪ’ ಅಂದರು. ತುಂಬ ಬುದ್ಧಿವಂತ ಮೆಕ್ಯಾನಿಕ್ಕುಗಳನ್ನು ನೋಡಿದ್ದೇನೆ. ಸರಿಯಿಲ್ಲ ಅಂತ ಗೊತ್ತಿರುವ ಸ್ಥಿತಿಗೂ ಗುರುತು ಹಾಕಿಕೊಳ್ಳುವ ತಾಳ್ಮೆ ಕಂಡದ್ದು ಅಪರೂಪ.

ಹದಿನೇಳರ ಬಾಕ್ಸ್ ಸ್ಪ್ಯಾನರ್, ಉದ್ದ ಹಿಡಿ. ನಾನು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಅದುಮಿ ಹಿಡಿಯುತ್ತೇನೆ, ಮಾವ ಎಳೆಯುತ್ತಾರೆ. ‘ಕಿರ್’ ಅಂತ ನಟ್ಟು ಬಿಟ್ಟುಕೊಂಡಿತು.

‘ಪೂರ್ತಿ ತೆಗೀಬೇಡ. ಕೊನೇ ಎರಡು ಸುತ್ತು ಹಾಗೇ ಇರ್ಲಿ. ಒಂದೇ ಸಲ ಕಿತ್ಕೊಂಡು ಬಂದ್ರೆ ನಿನ್ನ ಮೂಗಿಗೇ ಬಡಿಯೋದು.’

ಈಗ ಎಳೆಯಬೇಕು. ಎಡಗಡೆ ಒಂದು ಸಲ, ಬಲಗಡೆ ಒಂದು ಸಲ, ಆಡಿಸಿ ಆಡಿಸಿ. ಮೊಣಕಾಲನ್ನು ಸ್ಟೇರಿಂಗಿನ ಹಿಂದೆ ಕೊಟ್ಟು ತಳ್ಳಿದರೂ ಅಲ್ಲಾಡಲಿಲ್ಲ. ಸುತ್ತಿಗೆಯಲ್ಲಿ ಕಂಬದ ತಲೆಗೆ ಒಂದು ಕೊಟ್ಟರೆ ಬರುತ್ತದೆ, ಎಷ್ಟೋ ಕಡೆ ಹಾಗೇ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ಡಿಕ್ಕಿಯಾದಾಗ ಎದೆಗೆ ಈಟಿಯ ಹಾಗೆ ನುಗ್ಗದಿರಲೆಂದು ಎಷ್ಟೋ ಕಾರುಗಳ ಸ್ಟೇರಿಂಗ್ ಕಂಬವನ್ನು ಪೆಟ್ಟು ಬಿದ್ದರೆ ಒಳಕ್ಕೆ ಕುಸಿಯುವಂತೆ ಮಾಡಿರುತ್ತಾರೆ. ಜೀವ ಉಳಿಸಲು ಇಟ್ಟ ಆ ವ್ಯವಸ್ಥೆಯನ್ನು ಸುತ್ತಿಗೆ ಮನೆಯಂಗಳದಲ್ಲೇ ಹಾಳು ಮಾಡಬಹುದು. ಅದೂ ಅಲ್ಲದೆ ಕಂಬದ ತುದಿಯ ತಿರುಪಿನ ಮರೆ ಹಾಳಾದರೆ ನಟ್ಟು ಮತ್ತೆ ಹತ್ತುವುದಿಲ್ಲ.

ಮಾವ ತುಕ್ಕು ಬಿಡಿಸುವ ಎಣ್ಣೆಯನ್ನು ಹಲ್ಲಿನ ಸಂದಿಗೆ ಸ್ವಲ್ಪ ಬಿಟ್ಟು, ‘ಅದು ಇಳೀಲಿ, ಕಾಫಿ ಕುಡಿಯೋಣ’ ಅಂತ ಎದ್ದರು. ಅತ್ತೆ ಲೋಟ ಕೊಡುತ್ತಾ, ‘ಗಾಡೀನ ಪೂರ್ತಿ ಬಿಚ್ಚಿ ಹಾಕ್ಬೇಡ್ರಪ್ಪ, ಮಧ್ಯಾಹ್ನ ಕುಣಿಗಲ್ಲಿಗೆ ಹೋಗ್ಬೇಕು’ ಅಂದರು. ಅಕ್ಕನ ಮನೆಯಲ್ಲಿ ಊಟ.

ಕಾಫಿಯಾಗಿ ಬಂದು ಮತ್ತೆ ಆಡಿಸಿದರೆ, ‘ಟಕ್’. ಸ್ಟೇರಿಂಗ್ ನಟ್ಟಿನವರೆಗೆ ಜಿಗಿದು ನಿಂತಿತು. ಮಾವನ ಮಾತು ನೆನಪಾಗಿ ಮೂಗು ಮುಟ್ಟಿಕೊಂಡೆ. ನಟ್ಟು, ವಾಷರ್ ತೆಗೆದು ಸ್ಟೇರಿಂಗ್ ಚಕ್ರವನ್ನು ಹೊರಕ್ಕೆ ಎತ್ತಿದೆವು. ಇಷ್ಟು ವರ್ಷ ಕೈಯಲ್ಲಿ ಹಿಡಿದು ಓಡಾಡಿದ ವಸ್ತು ತೊಡೆಯ ಮೇಲೆ ಬಂದಾಗ ಹಗುರ ಅನ್ನಿಸುತ್ತದೆ. ಗಡಿಯಾರದ ಹತ್ತು, ಎರಡರ ಜಾಗದಲ್ಲಿ ನನ್ನ ಅಂಗೈ ತಿಕ್ಕಿ ತಿಕ್ಕಿ ನುಣುಪಾದ ಎರಡು ತೇಪೆ.

ಹಾರನ್ನಿನ ಗುಟ್ಟು ಚಕ್ರದ ಬೆನ್ನಲ್ಲಿತ್ತು. ಅಲ್ಲೊಂದು ಹಿತ್ತಾಳೆ ರಿಂಗು. ಕಂಬದ ಕಡೆಯಿಂದ ಸ್ಪ್ರಿಂಗಿನ ಪಿನ್ನೊಂದು ಬಂದು ಅದನ್ನು ಮುಟ್ಟುತ್ತದೆ. ಸ್ಟೇರಿಂಗ್ ಎಷ್ಟು ಸುತ್ತು ತಿರುಗಿದರೂ ಪಿನ್ನು ರಿಂಗನ್ನು ಸವರುತ್ತಲೇ ಇರಬೇಕು, ಆಗಲೇ ಹಾರನ್ನಿಗೆ ಕರೆಂಟು. ರಿಂಗಿನ ತುಂಬ ಗ್ರೀಸು ಗಟ್ಟಿಯಾಗಿ ಕಂದು ಹಕ್ಕಳೆಯಾಗಿದೆ. ಗಾಡಿ ನೇರವಿದ್ದಾಗ ಪಿನ್ನು ಮುಟ್ಟುವ, ಬೆರಳಗಲದ ಒಂದು ಜಾಗ ಮಾತ್ರ ಫಳಫಳ ಹೊಳೆಯುತ್ತಿದೆ. ಮಲ್ಲಸಂದ್ರದಲ್ಲಿ ಹಾರನ್ ಯಾಕೆ ಸುಮ್ಮನಾಯಿತು ಅಂತ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬಟ್ಟೆಗೆ ಒಂದಿಷ್ಟು ಪೆಟ್ರೋಲು, ಹಕ್ಕಳೆ ಎದ್ದು ಬಂತು. ನುಣ್ಣನೆಯ ಎಮರಿ ಹಾಳೆಯನ್ನು ರಿಂಗಿನ ಸುತ್ತ ಒಂದೇ ದಿಕ್ಕಿಗೆ ಹಗುರವಾಗಿ ಎಳೆದು, ಒಣಬಟ್ಟೆಯಲ್ಲಿ ಒರೆಸಿದರು. ಪಿನ್ನನ್ನು ಉಗುರಿನಿಂದ ಒತ್ತಿ ಬಿಟ್ಟರು; ಚಿಮ್ಮಿ ಮೇಲೆ ಬಂತು. ಕೊನೆಗೆ ರಿಂಗಿಗೆ ಗ್ರೀಸು ಸವರಿದ್ದೂ ಗೊತ್ತಾಗದಷ್ಟು ಮಾತ್ರ.

ಕೂರಿಸುವ ಮುನ್ನ ಇಂಡಿಕೇಟರ್ ಕಡ್ಡಿ ನಡುವಿನಲ್ಲಿರಬೇಕು. ತಿರುವು ಮುಗಿದ ಮೇಲೆ ಇಂಡಿಕೇಟರ್ ತಾನಾಗಿ ನಿಲ್ಲಲು ಚಕ್ರದ ಬೆನ್ನಿನ ಗೂಟವೊಂದು ಸ್ವಿಚ್ಚನ್ನು ತಟ್ಟುತ್ತದೆ. ಕಡ್ಡಿ ಎಡಕ್ಕೋ ಬಲಕ್ಕೋ ಇದ್ದಾಗ ಚಕ್ರವನ್ನು ಅದುಮಿದರೆ ಆ ಪ್ಲಾಸ್ಟಿಕ್ಕು ಮುರಿದು, ಹೊಸ ಸ್ವಿಚ್ಚಿನ ಖರ್ಚು ಮತ್ತೆ ತಲೆಗೆ ಬೀಳುತ್ತದೆ. ನನ್ನ ಗಾಡಿಯಲ್ಲಿ ಬಲದ ಇಂಡಿಕೇಟರ್ ಬೇಗ ನಿಂತು ಎಡದ್ದು ತಡವಾಗಿ ನಿಲ್ಲುತ್ತಿದ್ದುದೂ ಈ ಒಂದು ಹಲ್ಲಿನ ಕಾರಣಕ್ಕೇ ಇರಬೇಕು ಅಂದರು ಮಾವ.

ಗೀರಿಗೆ ಗೀರು ಹೊಂದಿಸಿ ಚಕ್ರ ಇಳಿಸಿದರು. ಹಲ್ಲುಗಳು ಕೂಡಿಕೊಂಡವು. ಸೀಟಿನ ಹಿಂದೆ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದರು. ಹನ್ನೆರಡಕ್ಕೆ ಸರಿಯಾಗಿದೆ.

ನಟ್ಟು ಎಷ್ಟು ಬಿಗಿಯಬೇಕು? ‘ಕೈಗೆ ಗೊತ್ತಾಗುತ್ತೆ’ ಅನ್ನುವವರನ್ನು ಈ ಒಂದು ನಟ್ಟಿನ ವಿಷಯದಲ್ಲಿ ನಂಬಬೇಡಿ. ಸಡಿಲವಾದರೆ ಓಡುವ ಗಾಡಿಯಲ್ಲಿ ಚಕ್ರ ಕೈಗೆ ಬರುತ್ತದೆ, ಅತಿಯಾದರೆ ಮರೆ ಕಿತ್ತುಹೋಗುತ್ತದೆ. ಸಣ್ಣ ಕಾರುಗಳಲ್ಲಿ ಈ ಬಿಗಿತ ಸಾಮಾನ್ಯವಾಗಿ 30ರಿಂದ 50 ನ್ಯೂಟನ್ ಮೀಟರ್ ಒಳಗಿರುತ್ತದೆ; ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿರುವ ಅಂಕಿಯೇ ಕೊನೆಯ ಮಾತು. ಟಾರ್ಕ್ ರೆಂಚ್ ಬಾಡಿಗೆಗೋ ಕೈಸಾಲಕ್ಕೋ ಸಿಗುತ್ತದೆ, ತನ್ನಿ. ಅಂದಾಜಿಗೆ ಹೇಳುವುದಾದರೆ, ಒಂದಡಿ ಉದ್ದದ ಹಿಡಿಯ ತುದಿಯಲ್ಲಿ ಹತ್ತು ಕಿಲೋ ಭಾರ ತೂಗಿದರೆ ಸುಮಾರು 30 ನ್ಯೂಟನ್ ಮೀಟರ್. ಎರಡಡಿ ಪೈಪು ಸಿಕ್ಕಿಸಿ ಮೈಭಾರ ಬಿಡುವ ಕೆಲಸ ಅಲ್ಲವೇ ಅಲ್ಲ.

ಮಾವ ರೆಂಚ್ ‘ಕ್ಲಿಕ್’ ಅಂದ ಕೂಡಲೇ ನಿಲ್ಲಿಸಿ, ನಟ್ಟಿನಿಂದ ಕಂಬದವರೆಗೆ ಕೆಂಪು ಬಣ್ಣದ ಸಣ್ಣ ಗೆರೆ ಎಳೆದರು. ವಿಮಾನದ ಕೆಲಸದಲ್ಲಿ ಬಿಗಿದ ನಟ್ಟಿಗೆ ಹೀಗೆ ಬಣ್ಣದ ಗೆರೆ ಹಾಕುವ ಪದ್ಧತಿ ಇದೆ. ನಟ್ಟು ಒಂದು ಕೂದಲೆಳೆಯಷ್ಟು ಸಡಿಲವಾದರೂ ಗೆರೆ ಮುರಿದು ಕಾಣುತ್ತದೆ. ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಹೆಲಿಕಾಪ್ಟರ್ ಕಟ್ಟುವ ತಾಲ್ಲೂಕಿನ ಕಾರಿಗೂ ಅದೇ ಶಿಸ್ತು ಯಾಕಿರಬಾರದು?

ಪ್ಯಾಡು, ವೈರು, ಬ್ಯಾಟರಿ. ಮುಚ್ಚಳಗಳೆಲ್ಲ ಖಾಲಿ, ಪಂಚೆಯ ಮೇಲೆ ಏನೂ ಉಳಿದಿಲ್ಲ. ಎಡಕ್ಕೆ ಪೂರ್ತಿ ತಿರುಗಿಸಿ ಹಾರನ್ ಒತ್ತಿದೆ, ಬಲಕ್ಕೆ ತಿರುಗಿಸಿ ಒತ್ತಿದೆ. ಎದುರುಮನೆಯವರು ಹೊರಗೆ ಬಂದು ನೋಡಿದರು.

ಮಧ್ಯಾಹ್ನ ಕುಣಿಗಲ್ ರಸ್ತೆ. ಗೂಳೂರು ದಾಟಿದ ಮೇಲೆ ಮಾವ, ‘ಈಗ ಹಿಡಿತ ಸ್ವಲ್ಪ ಸಡಿಲ ಮಾಡು, ಕೈ ಮಾತ್ರ ಬಿಡ್ಬೇಡ’ ಅನ್ನುತ್ತಾರೆ. ಹಿಂದೆ ಗಾಡಿಯಿಲ್ಲ, ಮುಂದೆ ಗಾಡಿಯಿಲ್ಲ. ಲಾಂಛನ ಸೆಟೆದು ಕೂತಿದೆ, ಗಾಡಿ ತನ್ನ ದಾರಿಯಲ್ಲಿ ತಾನು. ಹೆಬ್ಬೂರಿನ ತಿರುವುಗಳಲ್ಲಿ ಬೇಕೆಂದೇ ಹಾರನ್ ಒತ್ತುತ್ತೇನೆ. ಪ್ರತಿ ತಿರುವಿನಲ್ಲೂ ಕೂಗುತ್ತದೆ. ಇಂಡಿಕೇಟರ್ ಎಡಕ್ಕೂ ಬಲಕ್ಕೂ ಒಂದೇ ಹದದಲ್ಲಿ ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿ ಅತ್ತೆ ಆಗಲೇ ನಿದ್ದೆ.

ಕುಣಿಗಲ್ಲಿನಲ್ಲಿ ಊಟ ಮುಗಿದು ಕಥೆಯೆಲ್ಲ ಕೇಳಿದ ಮೇಲೆ ಭಾವ ಎದ್ದರು. ಅವರದು ಮೊನ್ನೆ ಮೊನ್ನೆ ಕೊಂಡ ಕಾರು.

‘ನಂದೂ ಒಂಚೂರು ಸೊಟ್ಟ ಇದೆ ಮಾವ. ಹೇಗೂ ಸ್ಪ್ಯಾನರ್ ಇದೆಯಲ್ಲ, ಬಿಚ್ಚಿಬಿಡಿ.’

ಮಾವ ಹೋಗಿ ನೋಡಿದರು. ಚಕ್ರದ ನಡುವೆ ಏರ್‌ಬ್ಯಾಗ್ ಅಂತ ಬರೆದಿದೆ. ಕೈ ಹಿಂದಕ್ಕೆ ಕಟ್ಟಿಕೊಂಡರು.

‘ಇದನ್ನ ನಾನು ಮುಟ್ಟಲ್ಲಪ್ಪ.’

ಭಾವ ಒತ್ತಾಯ ಮಾಡಿ ನೋಡಿದರು. ಮಾವ ಅಲುಗಲಿಲ್ಲ, ಅವರು ಮಾಡಿದ್ದೇ ಸರಿ. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆಲ್ಲ ಚಾಲಕನ ಏರ್‌ಬ್ಯಾಗ್ ಕಡ್ಡಾಯ. ಆ ಪ್ಯಾಡಿನೊಳಗೆ ಮಡಚಿಟ್ಟ ಚೀಲದ ಜೊತೆ, ಕಿಡಿ ತಗುಲಿದರೆ ಕ್ಷಣಾರ್ಧದಲ್ಲಿ ಉರಿದು ಅನಿಲವಾಗುವ ರಾಸಾಯನಿಕ ಇದೆ. ಕಣ್ಣು ಮಿಟುಕಿಸುವುದರೊಳಗೆ ಚೀಲ ಪೂರ್ತಿ ಉಬ್ಬುತ್ತದೆ. ಬ್ಯಾಟರಿ ವೈರು ಕಿತ್ತ ಮೇಲೂ ಅದನ್ನು ಸಿಡಿಸುವಷ್ಟು ವಿದ್ಯುತ್ತು ಸ್ವಲ್ಪ ಹೊತ್ತು ಒಳಗೆ ಉಳಿದಿರುತ್ತದೆ, ಯಾಕೆಂದರೆ ಡಿಕ್ಕಿಯಲ್ಲಿ ಬ್ಯಾಟರಿ ಕಳಚಿಹೋದರೂ ಅದು ಕೆಲಸ ಮಾಡಬೇಕು. ಚಕ್ರದ ಹಿಂದೆ, ಹಿತ್ತಾಳೆ ರಿಂಗಿನ ಬದಲು, ಸುರುಳಿ ಸುತ್ತಿದ ತೆಳ್ಳನೆಯ ರಿಬ್ಬನ್ ವೈರು. ಮೆಕ್ಯಾನಿಕ್ಕುಗಳು ಕ್ಲಾಕ್ ಸ್ಪ್ರಿಂಗ್ ಅನ್ನುವುದು ಇದನ್ನೇ. ಚಕ್ರ ಬಿಚ್ಚಿದಾಗ ಅದರ ನಡುಸ್ಥಾನ ತಪ್ಪಿದರೆ, ಮುಂದೆ ಎಲ್ಲೋ ಒಂದು ದೊಡ್ಡ ತಿರುವಿನಲ್ಲಿ ಸುರುಳಿ ತುಂಡಾಗುತ್ತದೆ. ಆಮೇಲೆ ಏರ್‌ಬ್ಯಾಗ್ ಬೇಕಾದಾಗ ಬಿಚ್ಚಿಕೊಳ್ಳುವುದಿಲ್ಲ.

ನಿಮ್ಮ ಗಾಡಿ ಹಳೆಯದಾಗಿದ್ದು ನಡುವೆ ಬರೀ ಹಾರನ್ ಇದ್ದರೆ, ದಾರ ಹಿಡಿದು ನೋಡಿ, ಗುರುತು ಹಾಕಿ, ನಿಧಾನವಾಗಿ ಬಿಚ್ಚಿ. ನಡುವೆ ಏರ್‌ಬ್ಯಾಗ್ ಅಂತಲೋ ಎಸ್‌ಆರ್‌ಎಸ್ ಅಂತಲೋ ಬರೆದಿದ್ದರೆ ದಯವಿಟ್ಟು ಸ್ಪ್ಯಾನರ್ ಕೆಳಗಿಡಿ. ಆ ಕೆಲಸ ತಿಳಿದ ವರ್ಕ್‌ಶಾಪಿಗೆ ಒಯ್ಯಿರಿ, ಬಿಚ್ಚುವ ಮೊದಲು ಗುರುತು ಹಾಕಿದರೇ ಅಂತ ಪಕ್ಕದಲ್ಲಿ ನಿಂತು ನೋಡಿ. ಕೇಳಲು ಸಂಕೋಚ ಬೇಡ, ಓಡಿಸುವವರು ನೀವು.